ಫ್ರೆಂಚಿನಲ್ಲಿ ಗಂಡನ ಹೆಸರು

ಮೇಡ್ಲೇರಿಯ ಕರೆವ್ವನಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಫ್ರೆಂಚು ಕಲಿಯುವ ಹುಚ್ಚು ಹಿಡಿದದ್ದು ಮೆಣಸಿನಕಾಯಿಯ ಬೀಜದಿಂದ. ನಗಬೇಡಿ. ನಕ್ಕವರನ್ನೆಲ್ಲ ಕರೆವ್ವ ಆಮೇಲೆ ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸಿ "ಬೊಂಜೂರ್" ಅನ್ನಿಸಿಯೇ ಬಿಟ್ಟಿದ್ದಾಳೆ.

ರಾಣೆಬೆನ್ನೂರು ಸೀಮೆ ಎಂದರೆ ಬೀಜದ ಸೀಮೆ. ಅಲ್ಲಿಯ ಒಂದು ಬೀಜದ ಕಂಪನಿಗಾಗಿ ಮೇಡ್ಲೇರಿಯ ಹೊಳೆದಂಡೆಯ ಹೊಲದಲ್ಲಿ, ಹಸಿರು ಬಲೆಯ ಕೆಳಗೆ, ಕರೆವ್ವ ಹತ್ತೊಂಬತ್ತು ವರ್ಷದಿಂದ ಕ್ರಾಸಿಂಗ್ ಕೆಲಸ ಮಾಡುತ್ತಿದ್ದಳು. ಸಂಜೆ ಹೊತ್ತಿಗೆ ಇನ್ನೂ ಅರಳದ ಮೆಣಸಿನ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಎಳೆಗಳನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಹುಡಿ ತಂದು ಆ ಹೆಣ್ಣು ತುದಿಗೆ ಮುಟ್ಟಿಸಿ, ಗುರುತಿಗೆ ಕೆಂಪು ದಾರ ಕಟ್ಟಬೇಕು. ಕೈ ಕೂದಲೆಳೆಯಷ್ಟು ಅಲುಗಿದರೂ ಹೂವು ಕೆಟ್ಟಿತು. ಕರೆವ್ವನ ಕೈ ಅಲುಗುತ್ತಿರಲಿಲ್ಲ. ಹೂವಿನ ಮದುವಿ ಮಾಡಸಾಕಿ ಎಂದು ಊರೇ ಅವಳನ್ನು ಚಾಷ್ಟಿ ಮಾಡುತ್ತಿತ್ತು.

ಮದುವೆ ಮಾಡಿಸಿದ್ದೇನೋ ಖರೆ, ಮಕ್ಕಳ ಮುಖ ಮಾತ್ರ ಅವಳು ಕಂಡಿರಲಿಲ್ಲ. ಕಾಯಿ ಹಣ್ಣಾಗುತ್ತಿದ್ದಂತೆ ಕಂಪನಿಯವರು ಬಂದು ಕೊಯ್ದುಕೊಂಡು ಹೋಗುತ್ತಿದ್ದರು. ಬೀಜ ಪೊಟ್ಟಣ ಸೇರುತ್ತಿತ್ತು, ಪೊಟ್ಟಣ ಪೆಟ್ಟಿಗೆ ಸೇರುತ್ತಿತ್ತು, ಪೆಟ್ಟಿಗೆ ಎತ್ತಲೋ ಹೋಗುತ್ತಿತ್ತು. ಒಂದು ದಿನ ಅವಳು ಕಂಪನಿಯ ಮೇಲ್ವಿಚಾರಕ ಚಂದ್ರಪ್ಪನನ್ನು ಕೇಳಿದಳು, "ಸರ್, ಇವು ಎಲ್ಲಿಗೆ ಹೊಕ್ಕಾವ್ರಿ?"

"ಸೆನೆಗಾಲಕ್ಕ. ಆಫ್ರಿಕಾದಾಗ ಐತಿ. ಅಲ್ಲೂ ಒಂದು ದೊಡ್ಡ ಹೊಳಿ ಐತಂತ, ಅದರ ದಂಡ್ಯಾಗ ಬಿತ್ತತಾರ."

ಕರೆವ್ವನ ಕೈಯ ಚಿಮಟ ಹಾಗೇ ನಿಂತಿತು. ತಾನು ಈ ಎರಡು ಬೆರಳಲ್ಲಿ ಹುಟ್ಟಿಸಿದ ಗಿಡ ಸಮುದ್ರದಾಚೆ ಯಾವುದೋ ಹೊಳೆಯ ನೀರು ಕುಡಿದು ನಿಂತಿದೆ, ತಾನು ಅದನ್ನು ಒಮ್ಮೆಯಾದರೂ ನೋಡಿಲ್ಲ. ಅಂದಿನಿಂದ ಅವಳಿಗೆ ಅದೊಂದೇ ಆಸೆ, ಸಾಯುವುದರೊಳಗೆ ತನ್ನ ಬೀಜದ ಗಿಡ ಒಂದನ್ನು ಕಣ್ಣಾರೆ ಕಾಣಬೇಕು.

ಆಸೆಗೆ ದಾರಿಯೂ ತೆರೆಯಿತು ನೋಡಿ. ಸೆನೆಗಾಲದ ಹೆಣ್ಣುಮಕ್ಕಳಿಗೆ ಕ್ರಾಸಿಂಗ್ ಕಲಿಸಲು ಇಲ್ಲಿಂದ ಇಬ್ಬರನ್ನು ಎರಡು ತಿಂಗಳಿಗೆ ಕಳಿಸುತ್ತೇವೆ ಎಂದು ಕಂಪನಿಯವರು ಸಾರಿದರು. ಕೆಲಸ ಬಲ್ಲವರಾಗಿರಬೇಕು, ಅಲ್ಲಿ ಎಲ್ಲರೊಡನೆ ನಡೆಯುವ ಫ್ರೆಂಚು ಅಷ್ಟಿಷ್ಟು ಬರಬೇಕು. ಮೂರು ತಿಂಗಳು ಪ್ರತಿ ರವಿವಾರ ರಾಣೆಬೆನ್ನೂರಿನ ಆಫೀಸಿನ ಮಹಡಿಯ ಮೇಲೆ ಪಾಠ, ಕೊನೆಗೆ ಬಾಯಿಮಾತಿನ ಪರೀಕ್ಷೆ. ಆರು ಜನ ಹೆಸರು ಕೊಟ್ಟರು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದ ಕರೆವ್ವ ಎಲ್ಲರಿಗಿಂತ ಮೊದಲು ಕೊಟ್ಟಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತಾಳೆ ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೆ?

ಕಲಿಸಲು ಬಂದವಳು ಪದ್ಮಜಾ. ಹಾವೇರಿಯವಳು, ಮೂವತ್ತು ದಾಟಿಲ್ಲ, ಧಾರವಾಡದಲ್ಲಿ ಫ್ರೆಂಚು ಕಲಿತವಳು, ಪ್ರತಿ ವಾರ ರೈಲಿಗೆ ಬರುತ್ತಿದ್ದಳು. ಮೊದಲ ದಿನ ಎದೆಯ ಮೇಲೆ ಕೈಯಿಟ್ಟುಕೊಂಡು "ಜ ಮಪೆಲ್ ಪದ್ಮಜಾ" ಎಂದು ತನ್ನ ಹೆಸರು ಹೇಳಿ, ಎಲ್ಲರಿಂದಲೂ ಹಾಗೇ ಹೇಳಿಸಿದಳು. ಕರೆವ್ವನ ಸರದಿ ಬಂತು.

"ಜ ಮಪೆಲ್ ಕರೆವ್ವ."

ಹೇಳಿದವಳು ತಾನೇ ಬೆರಗಾದಳು. ತನ್ನ ತುಟಿಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ರೊಟ್ಟಿ ಅಗಿದ ಬಾಯಿ, ಜೋಗುಳ ಹಾಡಿದ ಬಾಯಿ, ನೀರಿನ ಸರದಿಗೆ ಜಗಳಾಡಿದ ಬಾಯಿ. ಇದೇ ಬಾಯಿಯೊಳಗೆ ಈ ಮಾತೂ ಇತ್ತೇ? ಇಷ್ಟು ವರ್ಷ ಎಲ್ಲಿ ಅಡಗಿ ಕೂತಿತ್ತು? ಪಕ್ಕದಲ್ಲಿದ್ದ ಹಸೀನಾಬಿಯ ಮೊಣಕೈ ಚಿವುಟಿ, "ಕೇಳಿದಿಲ್ಲ? ನಾನ ಅಂದ್ನಿ!" ಎಂದಳು. ಹಸೀನಾಬಿ ಅವಳ ಸಾಲಿನ ಪಕ್ಕದ ಸಾಲಿನಲ್ಲೇ ಹದಿನೈದು ವರ್ಷ ಹೂವು ಬಿಡಿಸಿದವಳು, ಬಲು ಹಾಸ್ಯದ ಹೆಂಗಸು.

ಅಲ್ಲಿಂದ ಪ್ರತಿ ರವಿವಾರ ಒಂದೊಂದು ಸೋಜಿಗ. ಗಂಟಲಲ್ಲಿ ಉಪ್ಪುನೀರು ಹಾಕಿ ಮುಕ್ಕಳಿಸಿದಂತೆ ಗರಗರ ಎನ್ನುವ ಅವರ ರ-ಕಾರ ಕರೆವ್ವನಿಗೆ ಮೂರು ವಾರ ಒಲಿಯಲಿಲ್ಲ. ನಾಲ್ಕನೆಯ ವಾರ ಒಲಿದಾಗ ಎದ್ದು ನಿಂತು ಎರಡು ಸಲ ಅಂದಳು. ಅವರ ಭಾಷೆಯಲ್ಲಿ ಕುರ್ಚಿ, ಕಲ್ಲು, ನೀರು, ಎಲ್ಲಕ್ಕೂ ಗಂಡು ಹೆಣ್ಣು ಇದೆ ಎಂದು ಪದ್ಮಜಾ ಹೇಳಿದಾಗ ಉಳಿದವರು ತಲೆ ಮೇಲೆ ಕೈ ಹೊತ್ತರು. ಕರೆವ್ವ ಮಾತ್ರ ಕೇಳಿದಳು, "ಅಕ್ಕೋರ, ಹೂವು ಏನ್ರಿ?"

"ಲಾ ಫ್ಲರ್. ಹೆಣ್ಣು."

"ಮೆಣಸಿನಕಾಯಿ?"

"ಲ ಪಿಮಾಂ. ಗಂಡು."

"ಎಲಾ ಇವರ! ಇವರ ಹಿರೇರೂ ಕ್ರಾಸಿಂಗ್ ಮಾಡಿದವರ ಇರಬೇಕ್ ಬಿಡ್ರಿ!"

ಪದ್ಮಜಾ ಐದು ವರ್ಷ ಆ ಭಾಷೆ ಓದಿದ್ದಳು. ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ನಗುತ್ತ ನಗುತ್ತ ಈ ಹೆಂಗಸನ್ನೇ ನೋಡಿದಳು.

ಬಲೆಯ ಕೆಳಗೂ ಫ್ರೆಂಚು ಹೊಕ್ಕಿತು. ಕರೆವ್ವ ದಾರ ಕಟ್ಟುತ್ತ ಅಂ, ದ, ತ್ರುವಾ ಎಂದು ಹೂವು ಎಣಿಸಿದರೆ, ಪಾಠಕ್ಕೆ ಹೆಸರು ಕೊಡದವರೂ ಆಚೆ ಸಾಲಿನಿಂದ ದನಿ ಕೂಡಿಸುತ್ತಿದ್ದರು. ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎಂದು ಸುಮ್ಮನೆ ಹೇಳಿದ್ದಾರೆಯೇ? ಆದರೆ ಕರೆವ್ವನಿಗೆ ಅದು ಕೋತಿವಿದ್ಯೆ ಆಗಲೇ ಇಲ್ಲ. ಒಂದೊಂದು ಮಾತು ಬಾಯಿಗೆ ಬಂದಾಗಲೂ, ಇದೇ ಮಾತನ್ನು ಈ ಹೊತ್ತಿನಲ್ಲಿ ಅಲ್ಲಿ ಯಾರೋ ಆಡುತ್ತಿರಬೇಕಲ್ಲ ಎಂದು ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಹೀಗೆ ಹೂವಿನಂತೆ ಹೋಗುತ್ತಿದ್ದ ವಿದ್ಯೆ ಆರನೆಯ ರವಿವಾರ ಮುಳ್ಳಿಗೆ ಸಿಕ್ಕಿತು. ಅಂದು ಮನೆಯವರ ಪಾಠ. ತಾಯಿ, ತಂದೆ, ಮಗಳು ಮುಗಿದು ಗಂಡ ಬಂದ. ಗಂಡನಿಗೆ ಫ್ರೆಂಚಿನಲ್ಲಿ, ನಾವು ಮುಖಕ್ಕೆ ಅನ್ನುವ ಹಾಗೆಯೇ, 'ಮಾರಿ' ಎನ್ನುತ್ತಾರೆ ಎಂದಾಗ ಹಸೀನಾಬಿ, "ಅದಕ್ಕ ನೋಡ್ರಿ, ಮುಂಜಾನೆ ಎದ್ದು ಅವರ ಮಾರಿ ನೋಡಬೇಕ ಅಂತಾರ" ಎಂದು ಎಲ್ಲರನ್ನೂ ನಗಿಸಿದಳು. ನಗು ಮುಗಿಯುವುದರೊಳಗೆ ಪದ್ಮಜಾ ಕೇಳಿದಳು, "ಕರೆವ್ವಕ್ಕಾ, ನಿಮ್ಮ ಗಂಡನ ಹೆಸರೇನು? ಫ್ರೆಂಚಿನ್ಯಾಗ ಹೇಳ್ರಿ."

ಕರೆವ್ವನ ಸೆರಗು ಬಾಯಿಗೆ ಹೋಯಿತು.

ಗಂಡನ ಹೆಸರು ತಿರಕಪ್ಪ. ಇದನ್ನು ನಾನು ಹೇಳಬಹುದು, ನೀವು ಹೇಳಬಹುದು, ಅವಳು ಹೇಳುವ ಹಾಗಿಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಇವನದಂತೂ ಮೊದಲೇ ಎರವಲು ಆಯುಷ್ಯ. ಇವನಿಗಿಂತ ಮೊದಲು ಹುಟ್ಟಿದ ಎರಡು ಕೂಸು ಕಣ್ಣು ಮುಚ್ಚಿದ್ದವೆಂದು ಅವನ ತಾಯಿ ಐದು ಮನೆ ತಿರಿದು ತಂದ ಅರಿವೆಯಲ್ಲಿ ಇವನನ್ನು ಸುತ್ತಿ, ಸಾವಿನ ಕಣ್ಣು ಬೀಳದಿರಲೆಂದು ಆ ಹೆಸರು ಇಟ್ಟಿದ್ದಳು. ಅಂಥ ಹೆಸರನ್ನು ಕರೆವ್ವ ಮುಟ್ಟುತ್ತಾಳೆಯೇ? ಬಾಗಿಲಿಗೆ ತಿರುಕ ಬಂದರೂ "ಬೇಡಾಂವ ಬಂದಾನ" ಎನ್ನುತ್ತಿದ್ದಳು. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಪಕ್ಕದವರ ಕಡೆ ಕೈ ಮಾಡುತ್ತಿದ್ದಳು.

"ಅದೊಂದ ಬಿಡ್ರಿ ಅಕ್ಕೋರ" ಎಂದಳು.

"ಬಿಡಾಕ ಬರೂದಿಲ್ರಿ. ಪರೀಕ್ಷಾದಾಗ ಹತ್ತು ಪ್ರಶ್ನೆ. ಇದೂ ಒಂದು. ಯಾವುದಕ್ಕೂ ಸುಮ್ನ ಕುಂದ್ರೂ ಹಂಗಿಲ್ಲ, ಕುಂತ್ರ ನಾಪಾಸು."

"ಹಂಗಾರ ನಾ ಹೆಂಗ ಮಾಡ್ಲಿ?"

ಪದ್ಮಜಾಳಿಗೂ ಪಾಪ ಅನ್ನಿಸಿತು. "ಯಾವುದರ ಬ್ಯಾರೆ ಹೆಸರು ಹೇಳಿಬಿಡ್ರಲ್ಲ. ಸುರೇಶ ಅನ್ರಿ. ಪರೀಕ್ಷಾ ತಗೊಳ್ಳೋರಿಗೇನ ಗೊತ್ತಾಗ್ತದ?"

ಆರೂ ಜನ ಒಮ್ಮೆಗೇ "ಅಯ್ಯಯ್ಯೋ!" ಎಂದು ಬೊಬ್ಬೆ ಹೊಡೆದರು. ಇದ್ದ ಗಂಡನ ಹೆಸರು ಹೇಳುವುದೇ ತಪ್ಪು, ಇನ್ನು ಇಲ್ಲದ ಗಂಡನ ಹೆಸರೇ! "ಬಾಯಾಗ ಹುಳಾ ಬೀಳ್ತಾವ್ರಿ ಅಕ್ಕೋರ" ಎಂದು ಹಸೀನಾಬಿ ಕಿವಿ ಮುಚ್ಚಿಕೊಂಡಳು. ಅದೇ ಹೊತ್ತಿಗೆ ಪದ್ಮಜಾಳ ಫೋನು ಬಡಿದು, ಅವಳು "ಹಾಂ ವಿಕ್ರಮ, ಹಾಲು ಕಾಸಿ ಇಡೋ" ಎಂದು ತನ್ನ ಗಂಡನಿಗೇ ಹೇಳಿದ್ದನ್ನು ಕೇಳಿ ಆರೂ ಜನರ ಎದೆ ಇನ್ನೊಮ್ಮೆ ಧಸಕ್ಕೆಂದಿತು. ಹೆಸರೂ ಹಿಡಿದಳು, 'ಇಡೋ' ಎಂದೂ ಅಂದಳು, ಆ ಮನುಷ್ಯ ಇನ್ನೂ ಬದುಕಿದ್ದಾನೆ!

ತಿರಕಪ್ಪನೇ ಪ್ರತಿ ವಾರ ಬೈಕಿನ ಮೇಲೆ ಕರೆತಂದು, ಪಾಠ ಮುಗಿಯುವ ತನಕ ಕೆಳಗೆ ಚಹಾದಂಗಡಿಯಲ್ಲಿ ಕೂತು, ಮತ್ತೆ ಕರೆದೊಯ್ಯುತ್ತಿದ್ದ. ಅಂದು ದಾರಿಯಲ್ಲಿ ಹೆಂಡತಿ ತುಟಿ ಬಿಚ್ಚದ್ದನ್ನು ಕಂಡು ವಿಷಯ ಹೊರಡಿಸಿದ.

"ಇಷ್ಟ ಏನು? ಹೇಳಿಬಿಡು. ಫ್ರೆಂಚಿನ್ಯಾಗ ಹೇಳಿದ್ರ ಯಮಗೇನ ತಿಳೀತೈತಿ?"

"ಅವಗ ಎಲ್ಲಾ ಭಾಷಾ ಬರ್ತಾವು. ಸುಮ್ಕ ಗಾಡಿ ಹೊಡೀರಿ."

"ಅಲ್ಲ, ನಿನ್ನ ಗಿಡಾ ನೋಡೂದು?"

ಕರೆವ್ವನಿಗೆ ಆ ಗಿಡ ನೋಡಬೇಕು. ಈ ಮನುಷ್ಯನೂ ಇರಬೇಕು. ಎರಡರಲ್ಲಿ ಒಂದು ಎಂದರೆ ಯಾವುದು ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಅವಳಿಗೆ ಅಳು ಬಂತು. ಅವನ ಬೆನ್ನ ಹಿಂದೆ ಕೂತು ಮೇಡ್ಲೇರಿ ಬರುವ ತನಕ ಅತ್ತಳು.

ಪರೀಕ್ಷೆಯ ರವಿವಾರ ಬಂತು. ಮಧ್ಯಾಹ್ನ ಎರಡಕ್ಕೆ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟರು. ಒಬ್ಬೊಬ್ಬರೇ ಒಳಗೆ ಹೋಗಬೇಕು. ಹಸೀನಾಬಿ ಕಣ್ಣು ಮುಚ್ಚಿ "ಅಲ್ಲಾವುದ್ದೀನ" ಎಂದು ಒಂದೇ ಉಸಿರಿಗೆ ಗಂಡನ ಹೆಸರು ಹೇಳಿ, ಕೂಡಲೇ ಎರಡೂ ಗಲ್ಲ ಬಡಿದುಕೊಂಡು ತೋಬಾ ತೋಬಾ ಎನ್ನುತ್ತ ಹೊರಗೆ ಬಂದಳು. ಪಾಸಾಗಿದ್ದಳು. ಇನ್ನು ನಾಲ್ವರು ಅಲ್ಲಿ ಇಲ್ಲಿ ತಡವರಿಸಿ ಬಿದ್ದರು. ಉಳಿದದ್ದು ಒಂದೇ ಜಾಗ, ಉಳಿದವಳು ಕರೆವ್ವ ಒಬ್ಬಳೇ.

ಪರದೆಯ ಮೇಲೆ ಕಂಡವಳು ಐಸಾತಾ, ಸೆನೆಗಾಲದ ಹೊಲಗಳ ಮೇಲ್ವಿಚಾರಕಿ. ದುಂಡು ಮುಖ, ತಲೆಗೆ ಹಳದಿ ವಸ್ತ್ರ. ರಜೆಯಾದ್ದರಿಂದ ತನ್ನ ಮನೆಯಲ್ಲೇ ಕೂತಿದ್ದಳು. ಅವಳ ಹಿಂದಿನ ಗೋಡೆಯ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಅಲ್ಲಿ ಈಗ ಬೆಳಗಿನ ಒಂಬತ್ತೂವರೆ ಎಂದು ಪದ್ಮಜಾ ಹೇಳಿದಾಗ ಕರೆವ್ವ ಕಿಟಕಿಯಾಚೆ ರಾಣೆಬೆನ್ನೂರಿನ ಮಧ್ಯಾಹ್ನದ ಬಿಸಿಲನ್ನು ನೋಡಿದಳು, ಮತ್ತೆ ಪರದೆಯ ಬಿಸಿಲನ್ನು ನೋಡಿದಳು. ಇರುವವನು ಒಬ್ಬನೇ ಸೂರ್ಯ, ಎರಡು ಕಡೆ ಎರಡು ಹೊತ್ತು ಮಾಡಿಕೊಂಡು ನಿಂತಿದ್ದಾನಲ್ಲ!

ಪ್ರಶ್ನೆಗಳು ಬಂದವು. ಹೆಸರು, ಊರು, ವಯಸ್ಸು. ಕೈಯಲ್ಲಿ ಏನಿದೆ? ಚಿಮಟ. ಹೂವಿನ ಬಣ್ಣ? ಬಿಳಿ. ಕಾಯಿಯದು? ಹಸಿರು, ಆಮೇಲೆ ಕೆಂಪು. ಕರೆವ್ವ ಒಂದಕ್ಕೂ ನಿಲ್ಲಲಿಲ್ಲ. ಎಂಟು ಮುಗಿದು ಒಂಬತ್ತನೆಯದು ಬಂತು. ನಿನ್ನ ಗಂಡನ ಹೆಸರೇನು?

ಪದ್ಮಜಾ ಉಗುರು ಕಚ್ಚಿಕೊಂಡಳು. ಪರದೆಯೊಳಗೆ ಐಸಾತಾ ಪೆನ್ನು ಹಿಡಿದು ಕಾಯುತ್ತಿದ್ದಳು.

ಕರೆವ್ವನಿಗೆ ಆ ಪರದೆ ಬಾಗಿಲಾಗಿ ಕಂಡಿತು. ಹದಿನೆಂಟು ವರ್ಷದ ಮದುಮಗಳಾಗಿ ಮೇಡ್ಲೇರಿಯ ಮನೆಗೆ ಬಂದ ದಿನ ನಾದಿನಿ ಹೀಗೆಯೇ ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡೂದಿಲ್ಲ ಎಂದಿದ್ದಳು. ಆವತ್ತು ಹೇಳಬಹುದು. ಆದರೆ ಬರಿದೇ ಹೇಳುವಂತಿಲ್ಲ, ಒಡಪು ಕಟ್ಟಿ, ಹಾಡಿನಂಥ ಎರಡು ಸಾಲಿನ ಮಡಿಲಲ್ಲಿ ಹೆಸರನ್ನು ಬಚ್ಚಿಟ್ಟು ಹೇಳಬೇಕು. "ಹೊಳಿ ತುಂಬಿ ಬಂದೈತಿ ಹೊಲದ ಬದುವಿನ ತನಕ, ತಿರಕಪ್ಪಾರ ಕೈ ಹಿಡದೇನಿ ಜೀವ ಇರೂತನಕ" ಎಂದು ಹೇಳಿ ಅವಳು ಒಳಗೆ ಬಂದಿದ್ದಳು. ಒಡಪಿನಲ್ಲಿ ಹೇಳಿದ ಹೆಸರಿಗೆ ದೋಷವಿಲ್ಲ, ಅದಕ್ಕೆ ಅಕ್ಕಿಕಾಳು ಬೀಳುತ್ತವೆ.

ಆದರೆ ಇವರಿಗೆ ಕನ್ನಡ ಬಾರದು. ಕರೆವ್ವ ಕಣ್ಣು ಮುಚ್ಚಿದಳು. ಮೂರು ತಿಂಗಳಲ್ಲಿ ಕೂಡಿಟ್ಟ ನೂರಿನ್ನೂರು ಮಾತುಗಳನ್ನು ಒಳಗೇ ತಡವಿದಳು. ಮೊಗ್ಗು ಬಿಡಿಸುವಾಗಿನ ಹಾಗೆ ಉಸಿರು ಹಿಡಿದಳು. ಆಮೇಲೆ, ಮೇಡ್ಲೇರಿಯ ಹೆಂಗಸರು ಒಡಪು ಹೇಳುವ ಅದೇ ರಾಗದಲ್ಲಿ, ಅವಳ ಬಾಯಿಂದ ಬಂತು:

"ದಾಂ ಲ ಶಾಂ, ಲಾ ಫ್ಲರ್, ದಾಂ ಲಾ ಫ್ಲರ್, ಲ ಪಿಮಾಂ, ಲ ಪಾಪಾ ದ ಶಿಲ್ಪಾ, ಸೆ ತಿರಕಪ್ಪಾ!"

ಹೊಲದೊಳಗೆ ಹೂವು, ಹೂವಿನೊಳಗೆ ಕಾಯಿ, ಶಿಲ್ಪಾಳ ಅಪ್ಪ ಯಾರು, ತಿರಕಪ್ಪ. ಶಿಲ್ಪಾ ಅವಳ ಮಗಳು.

ಪದ್ಮಜಾ ಕುರ್ಚಿಯಿಂದ ಎದ್ದೇಬಿಟ್ಟಳು. ತಾನು ಕಲಿಸಿದ್ದು ಬಿಡಿ ಬಿಡಿ ಕಾಳು. ಅದರಿಂದ ಯಾರೂ ಕಲಿಸದ ಇದನ್ನು ಈಕೆ ಬೆಳೆದುಕೊಂಡಿದ್ದಳು. ನಾಲ್ಕನೆಯ ಇಯತ್ತೆಯ ಕರೆವ್ವನ ಮುಂದೆ ತಾನೇ ಪಾಠಕ್ಕೆ ಕೂರಬೇಕು ಎಂದು ಪದ್ಮಜಾಳಿಗೆ ಅನ್ನಿಸಿತು.

ಐಸಾತಾ ಮಾತ್ರ ಹುಬ್ಬು ಗಂಟು ಹಾಕಿ ಏನೋ ಕೇಳಿದಳು. ಕೇಳಿದ್ದಕ್ಕೆ ಉತ್ತರ ಕೊಡುವುದು ಬಿಟ್ಟು ಇವಳೇಕೆ ಹಾಡಿದಳು ಎಂಬುದು ಅದರ ತಾತ್ಪರ್ಯ. ಪದ್ಮಜಾ ಬಡಬಡನೆ ಫ್ರೆಂಚಿನಲ್ಲಿ ನಮ್ಮ ಕಡೆಯ ರೂಢಿಯನ್ನೆಲ್ಲ ವಿವರಿಸಿದಳು. ಕೇಳುತ್ತ ಕೇಳುತ್ತ ಐಸಾತಾಳ ಪೆನ್ನು ಮೇಜಿನ ಮೇಲೆ ಬಿತ್ತು. ಅವಳು ಹಿಂದೆ ತಿರುಗಿ ಯಾರನ್ನೋ ಜೋರಾಗಿ ಕೂಗಿದಳು. ಅದು ಫ್ರೆಂಚಲ್ಲ, ಅವರ ಮನೆಯ ಮಾತು.

ಒಬ್ಬ ಮುದುಕಿ ಬಂದಳು. ಎತ್ತರದ, ಒಣಕಲು ಮುದುಕಿ, ನೀಲಿ ಬಟ್ಟೆ. ಐಸಾತಾ ಅವಳ ಕಿವಿಯಲ್ಲಿ ಏನೋ ಹೇಳಿದಳು. ಮುದುಕಿ ಕರೆವ್ವನ ಕಡೆ ನೋಡಿದಳು. ನೋಡಿ, ತಲೆಯ ವಸ್ತ್ರದ ಅಂಚನ್ನು ಎಳೆದು ಬಾಯಿ ಮುಚ್ಚಿಕೊಂಡು ಮೈ ಕುಲುಕಿಸಿ ನಕ್ಕಳು.

"ಕರೆವ್ವಕ್ಕಾ, ಅವರ ಮಂದ್ಯಾಗೂ ಹೆಂಡತಿ ಗಂಡನ ಹೆಸರು ಹಿಡಿಯೂ ಹಂಗಿಲ್ಲಂತ್ರಿ" ಎಂದಳು ಪದ್ಮಜಾ. "ಅವರ ತಾಯಿ ಐವತ್ತು ವರ್ಷದಾಗ ಒಮ್ಮೆನೂ ಹಿಡಿದಿಲ್ಲಂತ."

"ಅಯ್ಯ ಶಿವನ!" ಕರೆವ್ವನ ಸೆರಗೂ ಬಾಯಿಗೆ ಹೋಯಿತು. "ಇಕಿ ನಮ್ಮಾಕಿನ ಅದಾಳಲ್ರಿ!"

ಸಮುದ್ರ ದಾಟಿ, ಎಷ್ಟು ದೇಶ ದಾಟಿ, ಹೊತ್ತೇ ಬೇರೆಯಾದ ಕಡೆ, ಯಾರೂ ಯಾರಿಗೂ ಹೇಳಿಕೊಡದೆ, ಅಲ್ಲಿಯ ಹೆಂಗಸೂ ಹೀಗೇ ಗಂಡನ ಹೆಸರನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ಬಾಳಿದ್ದಳು. ಬೀಜವನ್ನಾದರೂ ಕಂಪನಿಯವರು ಪೆಟ್ಟಿಗೆಯಲ್ಲಿ ಒಯ್ದರು. ಇದನ್ನು ಯಾರು ಒಯ್ದರು? ಅಥವಾ ಅಲ್ಲಿಂದ ಇಲ್ಲಿಗೆ ಯಾರು ತಂದರು? ಕರೆವ್ವನ ಕಣ್ಣಿಂದ ಬುಳುಬುಳು ನೀರಿಳಿಯಿತು. ಐಸಾತಾ ಕಾಗದದ ಮೇಲೆ ಏನೋ ಬರೆದು ಎತ್ತಿ ತೋರಿಸಿದಳು. ಹತ್ತನೆಯ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ.

"ಪಾಸ್ ಆದ್ರಿ!" ಎಂದು ಪದ್ಮಜಾ ಕೂಗಿದಳು.

ಆದರೆ ಮುದುಕಿಯ ನಗು ಅಷ್ಟರಲ್ಲಿ ನಿಂತಿತ್ತು. ಅವಳು ಮಗಳ ತೋಳು ಜಗ್ಗಿ ಗಾಬರಿಯಿಂದ ಏನೋ ಕೇಳಿದಳು. ಮಗಳು ಅದನ್ನು ಫ್ರೆಂಚಿಗೆ ತಂದಳು, ಪದ್ಮಜಾ ಕನ್ನಡಕ್ಕೆ ತಂದಳು. "ಈಗ ಹೆಸರು ಹೇಳಿದ್ರಲ್ಲ, ನಿಮ್ಮ ಮನಿಯವರು ಆರಾಮ ಅದಾರಿಲ್ಲೋ, ನೋಡಿ ಬರ್ರಿ ಅಂತಾರ."

ಒಡಪಿಗೆ ದೋಷವಿಲ್ಲ, ಸೈ. ಆದರೆ ಕನ್ನಡದ ಒಡಪಿಗೆ. ಫ್ರೆಂಚಿನ ಒಡಪಿಗೆ ಯಾರು ಹೊಣೆ? ಕರೆವ್ವ ಚಪ್ಪಲಿ ಮೆಟ್ಟದೆ ಮೆಟ್ಟಿಲಿಳಿದು ಓಡಿದಳು. ಚಹಾದಂಗಡಿಯ ಬೆಂಚು ಬರಿದಾಗಿತ್ತು. ಬೈಕಿನ ಹತ್ತಿರವೂ ಅವನಿರಲಿಲ್ಲ. "ರೀ!" ಎಂದು ಅವಳು ಕೂಗಿದ ಕೂಗಿಗೆ ರಸ್ತೆಯ ಮಂದಿಯೆಲ್ಲ ತಿರುಗಿದರು. ಆಗ ಅಂಗಡಿಯ ಹಿಂದಿನಿಂದ, ಕೈ ತೊಳೆದುಕೊಂಡು, ಬಾಯಿ ತುಂಬ ಮಿರ್ಚಿ ಭಜಿ ಇಟ್ಟುಕೊಂಡು ತಿರಕಪ್ಪ ಬಂದ.

ಅವಳು ಒದ್ದೆ ಕೈಯನ್ನೇ ಹಿಡಿದು ಎಳೆದುಕೊಂಡು ಮಹಡಿ ಹತ್ತಿಸಿದಳು. ಅವನು "ಏನ, ಏನಾತ, ನಾಪಾಸಾದೇನ?" ಎಂದು ಕೇಳುತ್ತಲೇ ಬಂದು ಲ್ಯಾಪ್‌ಟಾಪಿನ ಮುಂದೆ ನಿಂತ. ಪರದೆಯಲ್ಲಿ ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದಳು. ಐಸಾತಾ ನಗುತ್ತ ಮೆಲ್ಲಗೆ ಕೇಳಿದಳು, "ಸೆ ಕೀ?"

ಯಾರಿದು ಎಂದು ಅರ್ಥ. ಇದು ಪರೀಕ್ಷೆಯಲ್ಲ, ಹೇಳಲೇಬೇಕೆಂದಿರಲಿಲ್ಲ. ಪದ್ಮಜಾ ಉತ್ತರ ಕೊಡಲು ಬಾಯಿ ತೆರೆದಿದ್ದಳು, ಕರೆವ್ವ ಕೈಸನ್ನೆ ಮಾಡಿ ತಡೆದಳು. ಗಂಡನ ಮುಖ ನೋಡಿದಳು. ಮೀಸೆಗೆ ಮಿರ್ಚಿಯ ಚೂರು ಮೆತ್ತಿತ್ತು, ಗಟ್ಟಿಮುಟ್ಟಾಗಿದ್ದ, ಕೈ ಬೆಚ್ಚಗಿತ್ತು. ಒಡಪಿಲ್ಲ, ರಾಗವಿಲ್ಲ, ಸೆರಗು ಬಾಯಿಗೆ ಹೋಗಲಿಲ್ಲ.

"ಸೆ ತಿರಕಪ್ಪ" ಎಂದಳು.

ಎದುರಿಗೆ ನಿಂತು ಹೆಂಡತಿ ಒಡಪಿಲ್ಲದೆ ತನ್ನ ಹೆಸರು ಹಿಡಿದದ್ದನ್ನು ಇಪ್ಪತ್ತೆಂಟು ವರ್ಷದಲ್ಲಿ ಅವನು ಕೇಳಿರಲಿಲ್ಲ. ಉಳಿದ ಮಾತು ಅವನಿಗೆ ಒಂದೂ ತಿಳಿಯಲಿಲ್ಲ. ಸಾಲಿಯಲ್ಲಿ ಹಾಜರಿ ಕೂಗಿದಾಗಿನ ಹುಡುಗನಂತೆ ನೆಟ್ಟಗೆ ನಿಂತು, ತಿರಕಪ್ಪ "ಓ" ಎಂದ.